ನಂದಿ ಬೆಟ್ಟವನ್ನು ಕೊನೆಗೆ ಇಟ್ಟುಕೊಳ್ಳಿ

ಚಿಕ್ಕಬಳ್ಳಾಪುರದಲ್ಲಿ ಸೈಕಲ್ ತುಳಿಯುವವರಿಗೆ ನಂದಿ ಬೆಟ್ಟ ತೀರಾ ಹತ್ತಿರ. ಅನುಕೂಲವೂ ಅದೇ, ತೊಂದರೆಯೂ ಅದೇ. ಬೆಳಗ್ಗೆ ಎದ್ದು ಒಂದು ಲೋಟ ಕಾಫಿ ಕುಡಿದು ಹೊರಟರೆ ಬೆವರು ಬರುವ ಮೊದಲೇ ಬುಡದಲ್ಲಿ ಇರುತ್ತೇವೆ. ಕಾಲಲ್ಲಿ ಕಸುವು ಪೂರ್ತಿ ಇರುತ್ತದೆ. ಏಳೂವರೆ ಕಿ.ಮೀ. ಏರು, ಹಲ್ಲು ಕಚ್ಚಿ ಹತ್ತುತ್ತೇವೆ, ಮೇಲೆ ಮಂಜಿನಲ್ಲಿ ಒಂದು ಫೋಟೋ ಹೊಡೆದುಕೊಳ್ಳುತ್ತೇವೆ, ತಿಂಡಿ ಹೊತ್ತಿಗೆ ಮನೆ ಸೇರುತ್ತೇವೆ. ಬೆಂಗಳೂರಿನಿಂದ ಬರುವವರು ಹಾಗಲ್ಲ. ಹೆಬ್ಬಾಳದಿಂದ ದೇವನಹಳ್ಳಿ ದಾಟಿ ನಲವತ್ತು–ಐವತ್ತು ಕಿ.ಮೀ. ತುಳಿದು, ಅರ್ಧ ಸುಸ್ತಾಗಿ ಬುಡಕ್ಕೆ ಬಂದು, ಆಮೇಲೆ ಹತ್ತಲು ಶುರು ಮಾಡುತ್ತಾರೆ. ಅವರು ಹತ್ತುವ ನಂದಿ ಬೇರೆ, ನಾವು ಹತ್ತುವ ನಂದಿ ಬೇರೆ. ಮಲೆನಾಡಿನಲ್ಲಿ ನಮಗೆ ಸಿಗೋದು ಅವರ ನಂದಿ.

ಮಲೆನಾಡು ಯಾಕೆ ಅಂದರೆ, ಫೆಬ್ರವರಿಯಲ್ಲಿ ನಾವು ಒಂದಷ್ಟು ಜನ 300 ಕಿ.ಮೀ. ಬ್ರೆವೆಗೆ ಹೋಗುತ್ತಿದ್ದೇವೆ. ಚಿಕ್ಕಮಗಳೂರಿನಿಂದ ಹೊರಟು ಮೂಡಿಗೆರೆ, ಕೊಟ್ಟಿಗೆಹಾರ, ಕಳಸದ ಕಡೆ ಸುತ್ತಿ ಮತ್ತೆ ಅಲ್ಲಿಗೇ ಬರೋದು. ಬ್ರೆವೆ ಗೊತ್ತಿಲ್ಲದವರಿಗೆ ಎರಡು ಮಾತು. ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ ಇದು, ರೇಸ್ ಅಲ್ಲ. ಮೊದಲು ಬಂದವನಿಗೂ ಕೊನೆಗೆ ಬಂದವನಿಗೂ ಸಿಗುವುದು ಒಂದೇ ಮರ್ಯಾದೆ. ಆದರೆ ಸಮಯ ಕಟ್ಟುನಿಟ್ಟು. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ನಡುವೆ ಕಂಟ್ರೋಲ್‌ಗಳು, ಅಂದರೆ ಹಾಜರಿ ಹಾಕಿಸುವ ಜಾಗಗಳು ಇರುತ್ತವೆ, ಒಂದೊಂದಕ್ಕೂ ಬಾಗಿಲು ಮುಚ್ಚುವ ಹೊತ್ತು ಇರುತ್ತದೆ, ಅಷ್ಟರೊಳಗೆ ಹೋಗಿ ಕಾರ್ಡಿಗೆ ಮುದ್ರೆ ಹಾಕಿಸಿಕೊಳ್ಳಬೇಕು. ಹಿಂದೆ ಕಾರು ಇಟ್ಟುಕೊಂಡು ನೀರು, ಬಾಳೆಹಣ್ಣು ಕೊಡಿಸಿಕೊಳ್ಳುವಂತಿಲ್ಲ. ಪಂಕ್ಚರ್ ಆದರೆ ನೀವೇ ಹಾಕಿಕೊಳ್ಳಬೇಕು. ಈ ನಾಲ್ಕೂ ದೂರವನ್ನು ಸವಾರಿ ನಡೆಯುವ ವರ್ಷವೇ ಮುಗಿಸಿದವರು ಫ್ರಾನ್ಸಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್‌ಗೆ ಹೋಗಬಹುದು. ನಾಲ್ಕು ವರ್ಷಕ್ಕೊಮ್ಮೆ ನಡೆಯುವ 1,200 ಕಿ.ಮೀ. ಸವಾರಿ ಅದು, ಶುರುವಾಗಿದ್ದು 1891ರಲ್ಲಿ. ಅಲ್ಲಿ ಹೇಳಿಕೊಳ್ಳುವಂಥ ದೊಡ್ಡ ಬೆಟ್ಟ ಒಂದೂ ಇಲ್ಲ. ಸಣ್ಣ ಸಣ್ಣ ಏರುಗಳೇ ಸೇರಿ ಹತ್ತಿರಹತ್ತಿರ 12,000 ಮೀಟರ್ ಆಗುತ್ತವಂತೆ. ನನಗೆ ಅಲ್ಲಿಗೆ ಹೋಗುವ ಆಸೆ ಸದ್ಯಕ್ಕೆ ಇಲ್ಲ. ಮಲೆನಾಡೇ ಸಾಕು.

ನಮ್ಮ 300ರ ನಕ್ಷೆ ನೋಡಿದರೆ ಒಟ್ಟು ಏರಿಕೆ 4,000 ಮೀಟರ್ ಮೇಲೆ ತೋರಿಸುತ್ತದೆ. ನಂದಿಯ ಬುಡದಿಂದ ತುದಿಗೆ ಸುಮಾರು 450 ಮೀಟರ್. ಅಂದರೆ ಒಂಬತ್ತು ನಂದಿ! ಇದನ್ನು ಕೇಳಿದ ತಕ್ಷಣ ನಮ್ಮ ಗುಂಪಿನ ಹುಡುಗನೊಬ್ಬ, "ಹಂಗಾದ್ರೆ ಒಂದೇ ದಿನ ಒಂಬತ್ತು ಸಲ ನಂದಿ ಹತ್ತಿ ಇಳಿದ್ರೆ ಆಯ್ತಲ್ಲಣ್ಣಾ" ಅಂದ. ಲೆಕ್ಕಕ್ಕೆ ಸರಿ. ಆದರೆ ಹಾಗೆ ಮಾಡಿದರೆ ಬೇಸರದಿಂದಲೇ ಸಾಯುತ್ತೇವೆ. ಜೊತೆಗೆ ಮಲೆನಾಡಿನ ರಸ್ತೆ ಹಾಗಿರಲ್ಲ. ಅಲ್ಲಿ ಮೂರು ಕಿ.ಮೀ. ಏರು, ಎರಡು ಕಿ.ಮೀ. ಇಳುಕಲು, ಮತ್ತೆ ಏರು. ಕಾಲಿಗೆ ಒಂದೇ ಲಯ ಸಿಗುವುದಿಲ್ಲ. ಇಳಿಯುವಾಗ ಮೈ ತಣ್ಣಗಾಗಿ, ತಿರುವು ಮುಗಿಯುತ್ತಿದ್ದ ಹಾಗೆ ಎದುರಿಗೆ ಇನ್ನೊಂದು ಏರು ನಿಂತಿರುತ್ತದೆ.

ಸಮಯದ ಲೆಕ್ಕ ಒಂದು ಸಲ ಹಾಕಿ ನೋಡಿ, ಅಭ್ಯಾಸ ಹೇಗಿರಬೇಕು ಅಂತ ತಾನಾಗಿಯೇ ಗೊತ್ತಾಗುತ್ತದೆ. 300ರಲ್ಲಿ ನಿಜವಾದ ಕಡಿದಾದ ಏರು ಒಟ್ಟು 40 ಕಿ.ಮೀ. ಇದೆ ಅಂದುಕೊಳ್ಳೋಣ. ಗಂಟೆಗೆ 8 ಕಿ.ಮೀ. ವೇಗದಲ್ಲಿ ಹತ್ತಿದರೆ ಅದಕ್ಕೇ 5 ಗಂಟೆ ಬೇಕು. ಉಳಿದ 260 ಕಿ.ಮೀ.ಯನ್ನು 22ರ ಸರಾಸರಿಯಲ್ಲಿ ತುಳಿದರೆ ಹನ್ನೆರಡು ಗಂಟೆಗೆ ಸ್ವಲ್ಪ ಕಡಿಮೆ. ಎರಡೂ ಸೇರಿ ಹದಿನೇಳು ಗಂಟೆ. ಊಟ, ತಿಂಡಿ, ಪಂಕ್ಚರ್, ಕಂಟ್ರೋಲ್‌ನಲ್ಲಿ ಸರದಿ, ಸುಮ್ನೆ ಕಲ್ಲುಬೆಂಚಿನ ಮೇಲೆ ಕೂತು ಆಕಾಶ ನೋಡೋದು, ಎಲ್ಲಕ್ಕೂ ಸೇರಿ ಉಳಿಯುವುದು ಮೂರೇ ಗಂಟೆ. ಈಗ ನೋಡಿ, ಏರಿನಲ್ಲಿ 8ರ ಬದಲು 9ರಲ್ಲಿ ಹತ್ತಿದರೆ ಉಳಿತಾಯ ಆಗುವುದು ಬರೀ ಅರ್ಧ ಗಂಟೆ ಚಿಲ್ಲರೆ. ಅದಕ್ಕಾಗಿ ಎದೆ ಒಡೆಯುವ ಹಾಗೆ ತುಳಿದು, ಆಮೇಲೆ ಸಮತಟ್ಟಿನಲ್ಲಿ 22ರ ಬದಲು 18ಕ್ಕೆ ಇಳಿದರೆ ಹೋಗುವುದು ಎರಡೂವರೆ ಗಂಟೆ. ಅಷ್ಟೂ ನಷ್ಟ. ಏರಿನಲ್ಲಿ ಜೋರು ತೋರಿಸುವುದಕ್ಕಿಂತ, ಏರು ಮುಗಿದ ಮೇಲೆ ತುಳಿಯಲು ಕಾಲು ಉಳಿದಿರಬೇಕು. ಬೆಳಗಿನ ನಂದಿ ಇದನ್ನು ಕಲಿಸುವುದೇ ಇಲ್ಲ. ಹತ್ತಿದ ಮೇಲೆ ಇಳಿದು ಮನೆಗೆ ಹೋಗುವುದಷ್ಟೇ ತಾನೇ.

ಹಾಗಾಗಿ ನಾವು ದಿಕ್ಕು ತಿರುಗಿಸಿದ್ದೇವೆ. ಮನೆಯಿಂದ ಹೊರಟು ನಂದಿಗೆ ಬೆನ್ನು ಹಾಕಿ ಹೈದರಾಬಾದ್ ಹೆದ್ದಾರಿಯಲ್ಲಿ ಉತ್ತರಕ್ಕೆ ಪೆರೇಸಂದ್ರ, ಅಲ್ಲಿಂದ ಎಡಕ್ಕೆ ಗುಡಿಬಂಡೆ. ಕೋಟೆ ಬೆಟ್ಟದ ಕೆಳಗೆ ಒಂದು ಚಹಾ. ಅಮಾನಿ ಭೈರಸಾಗರದಲ್ಲಿ ನೀರು ಇದ್ದರೆ ನೋಡೋಕೇ ಚಂದ, ಆದರೆ ಅಲ್ಲಿ ನಿಂತರೆ ಅರ್ಧ ಗಂಟೆ ಹೋಯಿತು ಅಂತಲೇ ಲೆಕ್ಕ. ಮುಂದೆ ಗೌರಿಬಿದನೂರು. ಇಲ್ಲಿವರೆಗೆ ಒಟ್ಟಾರೆ ಇಳಿಜಾರು, ಎಲ್ಲರ ಬಾಯಲ್ಲೂ ಮಾತು, ಹಾಡು. ನಂದಿಯ ಸುತ್ತಮುತ್ತ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರಿನ ಕಡೆ ಹರಿದು ಹೋಗುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ ಅಲ್ವಾ? ನೀರು ಸುಮ್ಮನೆ ಆ ಕಡೆ ಹೋಗಲ್ಲ. ಚಿಕ್ಕಬಳ್ಳಾಪುರ ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ, ಗೌರಿಬಿದನೂರು 700ರ ಆಸುಪಾಸು. ವಾಪಸ್ ಬರುವಾಗ ನದಿ ಇಳಿದ ಅಷ್ಟೂ ಎತ್ತರವನ್ನು ನಾವು ಹತ್ತಬೇಕು. ಅದೂ ಹತ್ತು ಗಂಟೆಯ ಬಿಸಿಲಲ್ಲಿ. ಮಂಚೇನಹಳ್ಳಿ ದಾಟಿದ ಮೇಲೆ ಹಾಡು ನಿಲ್ಲುತ್ತದೆ. ಕಣಿವೆ ನಾರಾಯಣಪುರ ಹತ್ತಿರ ಬರುವಷ್ಟರಲ್ಲಿ ಮಾತೂ ನಿಲ್ಲುತ್ತದೆ. ಬೆಟ್ಟದ ಬುಡ ಮುಟ್ಟುವಾಗ ನೂರು ಕಿ.ಮೀ. ದಾಟಿರುತ್ತದೆ. ಈಗ ಹತ್ತಬೇಕು ನಂದಿಯನ್ನು.

ಈ ದಾರಿಯಲ್ಲಿ ಒಂದು ವಿಷಯ ಹೇಳಲೇಬೇಕು. ಡಿಸೆಂಬರ್, ಜನವರಿಯಲ್ಲಿ ನಮ್ಮ ಹಳ್ಳಿ ರಸ್ತೆಗಳೇ ಕಣ. ರಾಗಿ ಹುಲ್ಲು, ಹುರುಳಿ ಗಿಡ ರಸ್ತೆ ತುಂಬ ಹರಡಿರುತ್ತಾರೆ, ಗಾಡಿಗಳು ಹಾದುಹೋಗಲಿ, ಒಕ್ಕಣೆ ಆಗಲಿ ಅಂತ. ರಾಗಿ ಹುಲ್ಲಾದರೆ ಹೇಗೋ ದಾಟಬಹುದು. ಹುರುಳಿ ಮಾತ್ರ ಬೇಡ. ಅದರ ಬಳ್ಳಿ ದಾರದ ಹಾಗೆ ಗಟ್ಟಿ. ಹಿಂದಿನ ಚಕ್ರ ಎತ್ತಿಕೊಟ್ಟ ಬಳ್ಳಿ, ಗೇರ್ ಬದಲಿಸುವ ಡಿರೇಲರ್‌ನ ಸಣ್ಣ ಚಕ್ರಗಳಿಗೆ ಸುತ್ತಿಕೊಳ್ಳುತ್ತದೆ, ಅದರ ಮೇಲೆ ಇನ್ನೊಂದು, ಮತ್ತೊಂದು. ಪೆಡಲ್ ಬಿಗಿಯಾಯಿತು ಅಂತ ಗೊತ್ತಾಗುವಷ್ಟರಲ್ಲಿ ಹಸಿರು-ಕಂದು ಉಂಡೆಯೊಂದು ಚೈನಿಗೆ ಕಚ್ಚಿಕೊಂಡಿರುತ್ತದೆ. ಆಗ ಇನ್ನೂ ಜೋರಾಗಿ ತುಳಿದರೆ ಡಿರೇಲರನ್ನು ಹಿಡಿದಿರುವ ಹ್ಯಾಂಗರ್ ಬಗ್ಗುತ್ತದೆ, ಇಲ್ಲವೇ ಮುರಿಯುತ್ತದೆ. ತಕ್ಷಣ ನಿಲ್ಲಿಸಿ, ಹಿಂದಿನ ಚಕ್ರ ಬಿಚ್ಚಿ, ಪೆಡಲನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸುತ್ತಾ ಬಳ್ಳಿಯನ್ನು ಒಂದೊಂದೇ ಎಳೆದು ತೆಗೆಯಬೇಕು. ಸಣ್ಣ ಕತ್ತರಿ ಇದ್ದರೆ ಬದುಕಿದಿರಿ. ನಾವು ಹುರುಳಿ ಕಂಡರೆ ಇಳಿದು, ಸೈಕಲ್ ಎತ್ತಿಕೊಂಡು ಪಕ್ಕದಲ್ಲಿ ನಡೆಯುತ್ತೇವೆ. ಗುಡಿಬಂಡೆ ಹತ್ತಿರ ಹೀಗೆ ನಡೆಯುತ್ತಿದ್ದಾಗ ಕಣ ಕಾಯುತ್ತಾ ಕೂತಿದ್ದ ಅಜ್ಜಿ, "ಮೇಲೇ ಓಡ್ಸಪ್ಪಾ, ಯಾಕೆ ಒದ್ದಾಡ್ತೀಯ" ಅಂದರು. ಆಮೇಲೆ ಸೈಕಲ್ಲಿನ ಟೈರು ನೋಡಿ, "ಅಯ್ಯೋ ಬಿಡು, ಇದು ಹೋದ್ರೆ ಒಂದು ಕಾಳೂ ಉದುರಲ್ಲ, ಲಾರಿನೇ ಬರ್ಲಿ" ಅಂತ ನಕ್ಕರು.

ಇನ್ನು ಗೇರ್ ವಿಷಯ. ಇದರಲ್ಲಿ ಗಂಡಸ್ತನ ತೋರಿಸುವವರು ಜಾಸ್ತಿ. "ನಂದಿ ಹತ್ತೋಕೆ 28 ಸಾಕು, 34 ಎಲ್ಲ ವಯಸ್ಸಾದವರಿಗೆ" ಅನ್ನೋ ಮಾತು ನೀವೂ ಕೇಳಿರುತ್ತೀರಿ. ಲೆಕ್ಕ ಹೀಗಿದೆ. ಮುಂದೆ 34 ಹಲ್ಲು, ಹಿಂದೆ 28 ಹಲ್ಲು ಇದ್ದರೆ, ರೋಡ್ ಸೈಕಲ್‌ನಲ್ಲಿ ಪೆಡಲ್ ಒಂದು ಸುತ್ತು ಬಂದಾಗ ಸುಮಾರು ಎರಡೂವರೆ ಮೀಟರ್ ಮುಂದೆ ಹೋಗುತ್ತೇವೆ. ಗಂಟೆಗೆ 8 ಕಿ.ಮೀ. ವೇಗದಲ್ಲಿ ಅದು ನಿಮಿಷಕ್ಕೆ 52 ಸುತ್ತು. ಪ್ರತಿ ಸುತ್ತಿಗೂ ಮಂಡಿ ಮೇಲೆ ಭಾರ. ಹಿಂದೆ 34 ಹಾಕಿದರೆ ಅದೇ ವೇಗಕ್ಕೆ 63 ಸುತ್ತು. ಭಾರ ಕಮ್ಮಿ, ಉಸಿರು ಸ್ವಲ್ಪ ಜಾಸ್ತಿ. ಉಸಿರು ಎರಡು ನಿಮಿಷದಲ್ಲಿ ವಾಪಸ್ ಬರುತ್ತದೆ, ಮಂಡಿ ಬರಲ್ಲ. 200ನೇ ಕಿ.ಮೀ.ನಲ್ಲಿ, ಕತ್ತಲಲ್ಲಿ, ಕಾಫಿ ತೋಟದ ನಡುವಿನ ಏರಿನಲ್ಲಿ ಆ ಹನ್ನೊಂದು ಸುತ್ತಿನ ಬೆಲೆ ತಿಳಿಯುತ್ತದೆ. ನಾನಂತೂ 34 ಹಾಕಿಸಿದ್ದೇನೆ. ಸುಮ್ಮನೆ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಂಪು) ಮಾತ್ರ ಬದಲಾಯಿಸಿದರೆ ಆಗಲ್ಲ, ನೆನಪಿರಲಿ. ಹಳೆಯ ಸಣ್ಣ ಡಿರೇಲರ್ ಅಷ್ಟು ದೊಡ್ಡ ಹಲ್ಲಿಗೆ ಎಟುಕುವುದಿಲ್ಲ, ಉದ್ದ ತೋಳಿನದು ಬೇಕು. ಚೈನನ್ನೂ ಉದ್ದ ಮಾಡಬೇಕು. ಮುಂದೆ ದೊಡ್ಡದು, ಹಿಂದೆ ದೊಡ್ಡದು ಹಾಕಿ ನೋಡಿದಾಗ ಚೈನ್ ಹರಿದುಹೋಗುವಷ್ಟು ಬಿಗಿ ಇದ್ದರೆ ಮೆಕ್ಯಾನಿಕ್‌ಗೆ ಅಲ್ಲೇ ಹೇಳಿ ಸರಿ ಮಾಡಿಸಿಕೊಂಡು ಬನ್ನಿ. ಸೀಟಿನ ಎತ್ತರವನ್ನೂ ಅದೇ ದಿನ ನೋಡಿಬಿಡಿ. ಗೋಡೆ ಹಿಡಿದು ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗೆ ತಂದಾಗ ಕಾಲು ನೆಟ್ಟಗಾಗಬೇಕು, ಸೊಂಟ ವಾಲಬಾರದು. ಇಷ್ಟರಲ್ಲೇ ಅರ್ಧ ಮಂಡಿ ನೋವು ಹೋಗುತ್ತದೆ.

ಈಗ ಹೊಟ್ಟೆ. ನನ್ನ ಪ್ರಕಾರ ದೂರದ ಏರು ಹತ್ತುವುದು ಕಾಲಲ್ಲ, ಹೊಟ್ಟೆ. ನಾನು, ಸೈಕಲ್, ನೀರಿನ ಬಾಟಲಿ, ಚೀಲ ಎಲ್ಲ ಸೇರಿ 85 ಕೆ.ಜಿ. ಇಷ್ಟು ಭಾರವನ್ನು 450 ಮೀಟರ್ ಎತ್ತರಕ್ಕೆ ಏರಿಸಲು ಸುಮಾರು 375 ಕಿಲೋ ಜೂಲ್ ಕೆಲಸ. ಮೈ ಸುಡುವ ಶಕ್ತಿಯಲ್ಲಿ ಕಾಲು ಭಾಗ ಮಾತ್ರ ಪೆಡಲ್‌ಗೆ ಹೋಗುತ್ತದೆ, ಉಳಿದಿದ್ದು ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಲೆಕ್ಕ ಸುಲಭ, ಒಂದು ಕಿಲೋ ಜೂಲ್ ಕೆಲಸಕ್ಕೆ ಹೆಚ್ಚುಕಮ್ಮಿ ಒಂದು ಕಿಲೋ ಕ್ಯಾಲರಿ ಊಟ. ಒಂದು ನಂದಿಗೆ ಮೂರು–ನಾಲ್ಕು ಪಚ್ಚಬಾಳೆಹಣ್ಣು! ಮಲೆನಾಡಿನ ಒಂಬತ್ತು ನಂದಿಗೆ ಮೂರು ಸಾವಿರ ಕ್ಯಾಲರಿ ಮೇಲೆ, ಅದೂ ಬರೀ ಏರಿಗೆ. ಮೈಯಲ್ಲಿ ಕೂಡಿಟ್ಟ ಸಕ್ಕರೆ ಎರಡು ಸಾವಿರದ ಆಸುಪಾಸು ಅಷ್ಟೇ. ಕೊಬ್ಬು ಬೇಕಾದಷ್ಟು ಇದೆ, ಆದರೆ ಅದು ನಿಧಾನಕ್ಕೆ ಉರಿಯುವ ಸರಕು, ಏರಿನಲ್ಲಿ ಕೈಕೊಡುತ್ತದೆ. ಅದಕ್ಕೇ ಹಸಿವಾಗುವ ಮೊದಲೇ, ಗಂಟೆ ಗಂಟೆಗೂ ಏನಾದರೂ ಬಾಯಿಗೆ ಹೋಗುತ್ತಿರಬೇಕು. ಏರಿನ ಮೇಲೆ ತಿನ್ನೋಕೆ ಆಗಲ್ಲ, ಉಸಿರು ಬಿಡಲ್ಲ. ಏರು ಶುರುವಾಗುವ ಕಾಲು ಗಂಟೆ ಮೊದಲೇ ತಿಂದುಬಿಡಿ.

ಏನು ತಿನ್ನಬೇಕು ಅನ್ನೋದರಲ್ಲಿ ನನಗೆ ದೊಡ್ಡ ಸಿದ್ಧಾಂತ ಇಲ್ಲ. ಪ್ಯಾಕೆಟ್ ಜೆಲ್‌ಗಳು ದುಬಾರಿ, ನಾಲ್ಕನೆಯದಕ್ಕೆ ವಾಕರಿಕೆ ಬರುತ್ತದೆ. ಕಡಲೆ ಮಿಠಾಯಿ ಒಳ್ಳೆಯದು, ಬಿಸಿಲಲ್ಲಿ ಅಂಟುತ್ತದೆ ಅಷ್ಟೇ. ಖರ್ಜೂರ ಸಲೀಸು. ಮಧ್ಯಾಹ್ನಕ್ಕೆ ಮೊಸರನ್ನ ಸಿಕ್ಕರೆ ಬೇರೇನೂ ಬೇಡ. ನಮ್ಮಮ್ಮ ರಾಗಿ ಅಂಬಲಿ ಕೊಟ್ಟು ಕಳಿಸುತ್ತಾರೆ. ಅಂಬಲಿಯನ್ನು ಸೈಕಲ್ ಬಾಟಲಿಗೆ ಹಾಕುವವರು ಎರಡು ಮಾತು ಕೇಳಿ. ಮನೆಯಲ್ಲಿ ಕುಡಿಯುವ ಹದಕ್ಕಿಂತ ತೆಳ್ಳಗೆ ಮಾಡಿ, ಎರಡು ಸಲ ಸೋಸಿ. ಇಲ್ಲದಿದ್ದರೆ ಗಂಟು ಬಂದು ಬಾಟಲಿಯ ಮೂತಿಗೆ ಸಿಕ್ಕಿಕೊಳ್ಳುತ್ತದೆ, ಏರಿನಲ್ಲಿ ಒಂದು ಕೈ ಬಿಟ್ಟು ಹಿಸುಕಿದರೆ ಒಂದೇ ಸಲ ಮುಖಕ್ಕೆ ಚಿಮ್ಮುತ್ತದೆ. ಮತ್ತೆ, ಮನೆಗೆ ಬಂದ ತಕ್ಷಣ ತೊಳೆಯಿರಿ. ಒಂದು ರಾತ್ರಿ ಬಿಟ್ಟರೆ ಹುಳಿ ವಾಸನೆ ಆ ಬಾಟಲಿಯನ್ನು ಜನ್ಮದಲ್ಲಿ ಬಿಡಲ್ಲ. ಇನ್ನೊಂದು ಬಾಟಲಿಯಲ್ಲಿ ಓಆರ್‌ಎಸ್. ದೊಡ್ಡ ಪ್ಯಾಕೆಟ್ ಇರುವುದು ಒಂದು ಲೀಟರ್ ನೀರಿಗೆ, ನಮ್ಮ ಬಾಟಲಿ ಮುಕ್ಕಾಲು ಲೀಟರ್. ಪೂರ್ತಿ ಸುರಿದರೆ ಉಪ್ಪುಪ್ಪು, ಬಾಯಾರಿಕೆ ಇನ್ನೂ ಜಾಸ್ತಿ. ಅಳತೆ ನೋಡಿ ಹಾಕಿ.

ಹೊಟ್ಟೆಗೆ ಇದೆಲ್ಲ ಅಭ್ಯಾಸ ಆಗಬೇಕು, ಅದಕ್ಕೂ ಗೌರಿಬಿದನೂರಿನ ಸುತ್ತೇ ಬೇಕು. ಬೆಳಗ್ಗೆ ಬರೀ ಹೊಟ್ಟೆಯಲ್ಲಿ ನಂದಿ ಹತ್ತಿ ಬರುವವನಿಗೆ, ಆರು ಗಂಟೆ ಸತತವಾಗಿ ತಿಂದ ಹೊಟ್ಟೆಯನ್ನು ಹೊತ್ತು ಹತ್ತೋದು ಅಂದರೆ ಏನು ಅಂತ ಗೊತ್ತಿರಲ್ಲ.

ಹತ್ತುವ ರೀತಿಗೆ ನನ್ನ ಅಳತೆ ಒಂದೇ, ಮಾತು. ಪಕ್ಕದವನ ಜೊತೆ ಒಂದು ಪೂರ್ತಿ ವಾಕ್ಯ ಆಡಲು ಆಗುತ್ತಿದೆ ಅಂದರೆ ಸರಿ. ಎರಡು ಪದಕ್ಕೆ ಉಸಿರು ಕಟ್ಟುತ್ತಿದೆ ಅಂದರೆ ಗೇರ್ ಇಳಿಸು, ಇಳಿಸೋಕೆ ಗೇರ್ ಇಲ್ಲದಿದ್ದರೆ ನಿಧಾನ ಮಾಡು. ನಂದಿಯ ಕೆಳಗಿನ ಭಾಗ ಮೋಸ ಮಾಡುತ್ತದೆ, ಅಷ್ಟೇನೂ ಇಲ್ಲವಲ್ಲ ಅನಿಸುತ್ತದೆ. ಕಡಿದಾದ ತಿರುವುಗಳು ಮೇಲೆ ಕಾದಿರುತ್ತವೆ. ತಿರುವಿನ ಒಳಬದಿ ಯಾವಾಗಲೂ ಜಾಸ್ತಿ ಕಡಿದು, ಹೊರಬದಿ ಸ್ವಲ್ಪ ಸಮ. ಎದುರಿಗೆ ಗಾಡಿ ಇಲ್ಲ ಅಂತ ಖಾತ್ರಿ ಇದ್ದರೆ ಮಾತ್ರ ನಿಮ್ಮ ಬದಿಯೊಳಗೇ ಸ್ವಲ್ಪ ಅಗಲವಾಗಿ ತಿರುಗಿ. ಶನಿವಾರ, ಭಾನುವಾರ ಬೆಳಗ್ಗೆ ಆ ಆಟ ಬೇಡ. ಸೂರ್ಯ ಹುಟ್ಟುವುದನ್ನು ನೋಡಲು ಹೊರಟ ಕಾರು, ಬೈಕುಗಳ ಅವಸರ ನಿಮಗೇ ಗೊತ್ತು.

ಇಳಿಯುವುದರ ಬಗ್ಗೆ ಯಾರೂ ಬರೆಯಲ್ಲ, ಬೀಳುವುದು ಮಾತ್ರ ಅಲ್ಲೇ. ಬ್ರೇಕನ್ನು ತಿರುವಿನ ಒಳಗಲ್ಲ, ತಿರುವಿಗೆ ಮೊದಲೇ ಹಿಡಿದು ಮುಗಿಸಿ. ಹೊರಗಿನ ಕಾಲು ಕೆಳಗೆ, ಭಾರ ಅದರ ಮೇಲೆ, ಕಣ್ಣು ತಿರುವಿನ ಆಚೆ. ಗುಂಡಿ ನೋಡಿದರೆ ಸೈಕಲ್ ಗುಂಡಿಗೇ ಹೋಗುತ್ತದೆ. ರಿಮ್ ಬ್ರೇಕ್ ಇರುವವರು ಒಂದೇ ಸಮ ಹಿಡಿದುಕೊಂಡು ಇಳಿದರೆ ರಿಮ್ ಕಾದು ಟ್ಯೂಬ್ ಸಿಡಿಯಬಹುದು. ಹಿಡಿದು ಬಿಡಿ, ಹಿಡಿದು ಬಿಡಿ. ಮರದ ನೆರಳು ಬಿದ್ದ ತಿರುವಿನಲ್ಲಿ ಮಂಜಿನ ಹನಿಗೆ ರಸ್ತೆ ಪಾಚಿ ಕಟ್ಟಿರುತ್ತದೆ. ಕೋತಿಗಳು ನಮಗಾಗಿ ಪಕ್ಕಕ್ಕೆ ಸರಿಯಲ್ಲ, ಬಾಳೆಹಣ್ಣು ಜೇಬಿನಿಂದ ಹೊರಗೆ ಕಾಣದ ಹಾಗೆ ಇಟ್ಟುಕೊಳ್ಳಿ. ಜೊತೆಗೆ ಒಂದು ತೆಳು ಜಾಕೆಟ್ ಬೇಕೇ ಬೇಕು. ಬೆವರಿದ ಬನಿಯನ್ನಿನಲ್ಲಿ 1,478 ಮೀಟರ್‌ನಿಂದ ಇಳಿದರೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲು ಬರಲ್ಲ.

ರಾತ್ರಿ ಅಭ್ಯಾಸ ಇನ್ನೂ ಬಾಕಿ ಇದೆ. ಬೆಳಗ್ಗೆ ಐದಕ್ಕೆ ಹೊರಟು ಇಪ್ಪತ್ತು ಗಂಟೆ ಅಂದರೆ ಮಧ್ಯರಾತ್ರಿ ಒಂದು. ಕೊನೆಯ ಐದಾರು ಗಂಟೆ ಕತ್ತಲು. ಮುಂದೆ ಹಿಂದೆ ದೀಪ, ಮಿನುಗುವ ಜಾಕೆಟ್ ಇಲ್ಲದೆ ಬ್ರೆವೆಯಲ್ಲಿ ಬಿಡುವುದೇ ಇಲ್ಲ. ದೀಪದ ಡಬ್ಬದ ಮೇಲೆ ಬರೆದಿರುವ ಗಂಟೆಯನ್ನು ನಂಬಬೇಡಿ, ಪೂರ್ತಿ ಚಾರ್ಜ್ ಮಾಡಿ ಮನೆಯಲ್ಲೇ ಉರಿಸಿಟ್ಟು ಗಡಿಯಾರ ನೋಡಿ. ನಮ್ಮಲ್ಲಿ ಕತ್ತಲಾದ ಮೇಲೆ ಜಲ್ಲಿ ಟಿಪ್ಪರ್‌ಗಳ ಓಡಾಟ ಇರುವ ರಸ್ತೆ ಬಿಟ್ಟು ಬೇರೆ ಆರಿಸಿಕೊಳ್ಳಬೇಕು. ಮುದ್ದೇನಹಳ್ಳಿ ಕಡೆಯ ರಸ್ತೆ ಪರವಾಗಿಲ್ಲ, ನಾಯಿಗಳನ್ನು ಬಿಟ್ಟರೆ.

"ಇಷ್ಟೆಲ್ಲ ಯಾಕೋ, ಕೊಟ್ಟಿಗೆಹಾರಕ್ಕೆ ಬಸ್ಸು ಹೋಗುತ್ತಲ್ಲ" ಅನ್ನುತ್ತಾರೆ ಅಮ್ಮ. ಹೋಗುತ್ತೆ. ಆದರೆ ಏರು ತುಳಿದು ಹೋದ ಹೊಟ್ಟೆಗೆ ಅಲ್ಲಿನ ನೀರುದೋಸೆ ಎಷ್ಟು ಹಿಡಿಸಬಹುದು ಅನ್ನುವ ಕುತೂಹಲ ನನಗೆ.

ಕೊನೆಯ ಎರಡು ವಾರ ಹೊಸದೇನೂ ಮಾಡುವುದಿಲ್ಲ. ಹೊಸ ಶೂ ಇಲ್ಲ, ಹೊಸ ಸೀಟು ಇಲ್ಲ, ದೂರ ಅರ್ಧಕ್ಕೆ ಇಳಿಸಿ ಚೆನ್ನಾಗಿ ನಿದ್ದೆ. ಅಲ್ಲಿವರೆಗೆ ಭಾನುವಾರದ ಸುತ್ತು ನಡೆಯುತ್ತದೆ. ಬರುವವರಿದ್ದರೆ ಬೆಳಗ್ಗೆ ಐದಕ್ಕೆ ಹೊರಡೋದು. ಎರಡು ಟ್ಯೂಬ್, ಪಂಪ್, ದೀಪ ತನ್ನಿ. ಕತ್ತರಿ ನನ್ನ ಹತ್ತಿರ ಇದೆ. ಬೆಟ್ಟ ಬೇಡ ಅನಿಸಿದವರು ನಂದಿ ಊರಿನ ಹತ್ತಿರ ಎಡಕ್ಕೋ ಬಲಕ್ಕೋ ತಿರುಗಿ ಮನೆಗೆ ಹೋಗಬಹುದು, ಯಾರೂ ಏನೂ ಅನ್ನಲ್ಲ.